ಲೋಗೋ ನೋಡದೆ ಕಾರು ಗುರುತಿಸೋದು ಹೇಗೆ?

ಪ್ರಶ್ನೆ:
ಹಿಂದೆ ಬರೋ ಕಾರಿನ ದೀಪ ಕನ್ನಡಿಯಲ್ಲಿ ಕಂಡರೆ ಸಾಕು, ನನ್ನ ತಮ್ಮ ಕಂಪನಿ, ಮಾಡೆಲ್ ಎರಡೂ ಹೇಳಿಬಿಡ್ತಾನೆ. ನನಗೆ ಬಿಳಿ ಕಾರು, ಕೆಂಪು ಕಾರು ಅಷ್ಟೇ. ಅವನು ನೋಡೋದಾದರೂ ಏನನ್ನ?

ಉತ್ತರ 1:
ಲೋಗೋ ಕಾಣೋ ಹೊತ್ತಿಗೆ ಕಾರು ಮುಂದೆ ಹೋಗಿರುತ್ತೆ, ಅದನ್ನ ಬಿಡಿ. ಮೊದಲು ಗ್ರಿಲ್, ಅಂದರೆ ಕಾರಿನ ಮೂತಿಯಲ್ಲಿರೋ ಜಾಲರಿ. ಜೀಪ್‌ಗೆ ನೆಟ್ಟಗೆ ನಿಂತ 7 ಸೀಳು. ಬಿಎಂಡಬ್ಲ್ಯುಗೆ ಮೂತ್ರಪಿಂಡದ ಆಕಾರದ ಜೋಡಿ, 1933ರ 303 ಮಾಡೆಲ್‌ನಿಂದಲೂ ಇದೆ. (ಈಚೆಗೆ ಕೆಲವು ಮಾಡೆಲ್‌ಗಳಲ್ಲಿ ಅದನ್ನ ಊದಿಸಿರೋದು ನನಗಂತೂ ಹಿಡಿಸಿಲ್ಲ.) ಆಮೇಲೆ ಪಕ್ಕದ ಕೊನೇ ಕಿಟಕಿ: ಬಿಎಂಡಬ್ಲ್ಯುನಲ್ಲಿ ಗಾಜಿನ ಹಿಂದಿನ ಅಂಚು ಇಳೀತಾ ಬಂದು, ಬುಡದಲ್ಲಿ ಥಟ್ಟನೆ ಮುಂದಕ್ಕೆ ಮಡಚಿಕೊಳ್ಳುತ್ತೆ. 60ರ ದಶಕದಿಂದ ಬಂದ ರೂಢಿ ಅದು. ಕತ್ತಲಲ್ಲಿ ದೀಪವೇ ಗುರುತು. ಈಗಿನ ವೋಲ್ವೊದ್ದು ಅಡ್ಡ ಮಲಗಿಸಿದ ಇಂಗ್ಲಿಷ್ ಟಿ, ಪೋರ್ಷೆಯದ್ದು ನಾಲ್ಕು ಚುಕ್ಕಿ.

ಉತ್ತರ 2:
2000ದಲ್ಲಿ ಮನೋವಿಜ್ಞಾನಿ ಇಸಬೆಲ್ ಗೋಥಿಯರ್ ತಂಡ ಕಾರು ಪರಿಣತರ ಮೆದುಳು ಸ್ಕ್ಯಾನ್ ಮಾಡಿತ್ತು. ಮುಖ ಗುರುತು ಹಿಡಿಯೋ ಭಾಗವೇ ಕಾರು ಕಂಡಾಗಲೂ ಚುರುಕಾಗ್ತಿತ್ತಂತೆ. ನೆಂಟರ ಮುಖವನ್ನ ನಾವು ಮೂಗು, ಕಿವಿ ಅಂತ ಬಿಡಿಸಿ ನೋಡ್ತೀವಾ?

ಪ್ರಶ್ನೆ ಕೇಳಿದವರು:
ಸರಿ, ಆದರೆ ಟೊಯೊಟಾ ಜಿಆರ್86, ಸುಬಾರು ಬಿಆರ್‌ಝಡ್ ಥರದ ಅವಳಿಗಳನ್ನ?

ಉತ್ತರ 1:
ಛಾವಣಿ, ಬಾಗಿಲು ನೋಡಿ ಪ್ರಯೋಜನ ಇಲ್ಲ, ಎರಡಕ್ಕೂ ಒಂದೇ. ಮುಂದಿನ ಬಂಪರ್ ನೋಡಿ. ಹಿಂದಿನಿಂದ ಕಂಡರೆ ನಾನೂ ಬ್ಯಾಡ್ಜ್ ಓದ್ತೀನಿ ಮಾರಾಯ್ರೇ.