ಸಹಾಯ ಬೇಕು: ಯೋಬನ ಪುಸ್ತಕದ ಕಾಡುಪ್ರಾಣಿಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯ ಯುವಕರ ಬೈಬಲ್ ಅಧ್ಯಯನಕ್ಕೆ ಯೋಬನ ಪುಸ್ತಕದ 38, 39ನೇ ಅಧ್ಯಾಯ ತಯಾರಿ ಮಾಡುತ್ತಿದ್ದೇನೆ. ತಪ್ಪಿಲ್ಲದೆಯೂ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬ ತನ್ನ ಕಷ್ಟಕ್ಕೆ ಕಾರಣ ಕೇಳಿದ್ದಾನೆ. ದೇವರು ಕಾರಣ ಹೇಳುವುದೇ ಇಲ್ಲ! ಸಿಂಹಕ್ಕೆ ಬೇಟೆ ಹುಡುಕಿಕೊಡುವವನು ನೀನಾ, ಕಾಗೆಮರಿ ಹಸಿದು ಕೂಗಿದರೆ ಉಣಿಸುವವರು ಯಾರು, ಬೆಟ್ಟದ ಮೇಕೆ ಈಯುವ ಹೊತ್ತು ಗೊತ್ತಾ ಅಂತ ತಿರುಗಿ ಕೇಳುತ್ತಾನೆ. ದೇವರು ಇಲ್ಲಿ ಹೆಸರಿಸುವ ಪ್ರಾಣಿಗಳಲ್ಲಿ ಯುದ್ಧದ ಕುದುರೆ ಬಿಟ್ಟರೆ ಒಂದೂ ಮನುಷ್ಯನ ಕೆಲಸಕ್ಕೆ ಬರುವಂಥದ್ದಲ್ಲ. ಕಾಡುಕತ್ತೆಯಂತೂ ಊರಿನ ಗದ್ದಲ ನೋಡಿ ನಗುತ್ತದೆ (ನನಗೆ ತುಂಬ ಇಷ್ಟವಾದ ಜಾಗ). 40ನೇ ಅಧ್ಯಾಯದಲ್ಲಿ ಯೋಬ ಬಾಯಿ ಮೇಲೆ ಕೈಯಿಟ್ಟು ಸುಮ್ಮನಾಗುತ್ತಾನೆ.

ಹುಡುಗರು ಖಂಡಿತ ಕೇಳುತ್ತಾರೆ: ಇದು ಬಾಯಿ ಮುಚ್ಚಿಸಿದ ಹಾಗಲ್ವಾ? ಹೇಗೆ ವಿವರಿಸಲಿ? 104ನೇ ಕೀರ್ತನೆ ಜೊತೆಗೆ ಓದಿಸಿದರೆ ಸುಲಭವಾಗುತ್ತಾ? ಅಲ್ಲಿ ಸಿಂಹಕ್ಕೆ ರಾತ್ರಿಪಾಳಿ, ಮನುಷ್ಯನಿಗೆ ಹಗಲು.

ಇನ್ನೊಂದು. ಮಂಗಳೂರು ಕಡೆಯವರು ಇಸ್ರೇಲ್‌ನಲ್ಲಿ ತುಂಬ ಜನ ಕೆಲಸದಲ್ಲಿದ್ದೀರಿ. ಮೃತ ಸಮುದ್ರದ ಹತ್ತಿರ ಏನ್ ಗೆದಿಯಲ್ಲಿ ಬಾಗಿದ ಕೊಂಬಿನ ಬೆಟ್ಟದ ಮೇಕೆಗಳು ಈಗಲೂ ಬಂಡೆ ಹತ್ತುತ್ತವೆ. ನೀವೇ ತೆಗೆದ ವಿಡಿಯೊ ಇದ್ದರೆ ಹಾಕಿ, ಪ್ಲೀಸ್. ಭಾನುವಾರದೊಳಗೆ ಸಿಕ್ಕರೆ ಒಳ್ಳೆಯದು.