ಕನ್ನಡ ಪದಪರೀಕ್ಷಕ: ಎಷ್ಟು ಕೋಡ್ ಇದ್ದಾಗ ಇತರರನ್ನು ಕರೆಯಬಹುದು?

ಪ್ರಶ್ನೆ (ಬಸವನಗುಡಿ)
ನಮಸ್ಕಾರ. ಬೆಂಗಳೂರಿನ ನಾವು ನಾಲ್ವರು ಕನ್ನಡಕ್ಕೊಂದು ಪದಪರೀಕ್ಷಕವನ್ನು (ಬರಹದಲ್ಲಿನ ತಪ್ಪು ಪದಗಳನ್ನು ಹಿಡಿಯುವ ಪ್ರೋಗ್ರಾಮ್) ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶವಾಗಿ ಬರೆಯಲು ಹೊರಟಿದ್ದೇವೆ. ಸಂಧಿ, ಸಮಾಸ, ಎಲ್ಲ ವಿಭಕ್ತಿಗಳು, ಕ್ರಿಯಾಪದದ ರೂಪಗಳು, ಮೊಬೈಲ್ ಆವೃತ್ತಿ, ಇಷ್ಟನ್ನೂ ಮುಗಿಸಿದ ಮೇಲೆಯೇ ಕೋಡ್ ಬಿಡುಗಡೆ ಮಾಡಬೇಕೆಂಬುದು ಗೆಳೆಯರ ವಾದ. ಈಗಿರುವ ಪುಟ್ಟ ಕೋಡನ್ನೇ ತೆರೆದಿಟ್ಟು ಉಳಿದದ್ದನ್ನು ಬಂದವರೊಡನೆ ಕಟ್ಟಬೇಕೆಂಬುದು ನನ್ನ ಆಸೆ. ಅರೆಬರೆ ಕೋಡ್ ಕಂಡು ಜನ ಹಿಂದೆ ಸರಿಯುವುದಿಲ್ಲವೇ?

ಉತ್ತರ (ಮಲ್ಲೇಶ್ವರ)
ಕೋಡ್ ಚಿಕ್ಕದೆಂದು ಯಾರೂ ಹಿಂದೆ ಸರಿಯುವುದಿಲ್ಲ, ಓಡದಿದ್ದರೆ ಖಂಡಿತ ಸರಿಯುತ್ತಾರೆ. 1991ರ ಆಗಸ್ಟ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸುದ್ದಿ ಹೇಳುವಾಗಲೇ ಅದರ ಮೇಲೆ ಬ್ಯಾಶ್ (ಆದೇಶಗಳನ್ನು ನಡೆಸುವ ಶೆಲ್) ಮತ್ತು ಜಿಸಿಸಿ (ಕಂಪೈಲರ್) ಓಡುತ್ತಿದ್ದವು; ಮರುತಿಂಗಳು ಬಂದ 0.01 ಆವೃತ್ತಿಯಲ್ಲಿ ಇದ್ದದ್ದು ಸುಮಾರು 10,000 ಸಾಲು. ಕೋಡನ್ನು ಬಿಡಿ ಮಾಡ್ಯೂಲ್‌ಗಳಾಗಿ, ಅಂದರೆ ಬೇರೆ ಬೇರೆಯಾಗಿ ಬರೆಯಬಲ್ಲ ಭಾಗಗಳಾಗಿ, ಒಡೆದ ಮಾತ್ರಕ್ಕೆ ಜನ ಸೇರುವುದಿಲ್ಲ ಎಂಬುದನ್ನೂ ಗಮನಿಸಿ: 1990ರಲ್ಲಿ ಆರಂಭವಾದ, ಲಿನಕ್ಸ್‌ನಂಥದೇ ಕೆಲಸದ ಗ್ನೂ ಹರ್ಡ್‌ನ ವಿನ್ಯಾಸ ಲಿನಕ್ಸ್‌ಗಿಂತ ಹೆಚ್ಚು ಮಾಡ್ಯುಲರ್, ಆದರೂ ಅದರ 1.0 ಆವೃತ್ತಿ ಇನ್ನೂ ಬಂದಿಲ್ಲ.

ಉತ್ತರ (ವಿಜಯನಗರ)
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನಿಮ್ಮ ಕೆಲಸದಲ್ಲಿ ಮಾಡ್ಯೂಲ್‌ಗಳ ಗಡಿ ಎಲ್ಲಿ ಬೀಳುತ್ತದೆ ಎಂಬುದೇ ಯಾರು ನೆರವಿಗೆ ಬರಬಲ್ಲರು ಎಂಬುದನ್ನು ನಿರ್ಧರಿಸುತ್ತದೆ. ಹನ್‌ಸ್ಪೆಲ್ ಎಂಬ ಪದಪರೀಕ್ಷಕವನ್ನು ನೋಡಿ: ಪದಗಳು ಒಂದು ಫೈಲ್‌ನಲ್ಲಿ, ಪ್ರತ್ಯಯದ ನಿಯಮಗಳು ಇನ್ನೊಂದರಲ್ಲಿ ಇರುವುದರಿಂದ ಪ್ರೋಗ್ರಾಮಿಂಗ್ ಬಾರದ ಕನ್ನಡ ಮೇಷ್ಟ್ರೊಬ್ಬರು ಕೂಡ ಪದಪಟ್ಟಿಯನ್ನು ಬೆಳೆಸಬಹುದು. ನಿಮ್ಮ ಪ್ರೋಗ್ರಾಮಿನ ತಿರುಳು ಒಂದೇ ಕೆಲಸ ಮಾಡಲಿ: 'ಮನೆಗಳಲ್ಲಿ' ಎಂದು ಕೊಟ್ಟರೆ 'ಮನೆ', 'ಗಳು', 'ಅಲ್ಲಿ' ಎಂದು ಬಿಡಿಸಿ ಹಿಂದಿರುಗಿಸಲಿ. ಒಂದೊಂದು ವಿಭಕ್ತಿಗೂ ಒಂದೊಂದು ಫೈಲ್, ಅದರ ಜೊತೆಗೇ ಪರೀಕ್ಷೆಯ ಪದಗಳು ಇರಲಿ. ಹೊಸಬರು ಯಾರನ್ನೂ ಕೇಳದೆ ಒಂದು ಫೈಲ್ ಬರೆದು, ಪರೀಕ್ಷೆ ಓಡಿಸಿ, ಕಳಿಸುವಂತಿರಬೇಕು. ಕೋಡನ್ನು ಯಾರು ಹೇಗೆ ಬಳಸಬಹುದೆಂದು ಹೇಳುವ ಲೈಸೆನ್ಸ್ ಅನ್ನು ಮೊದಲ ದಿನವೇ ಸೇರಿಸಿ, ಏಕೆಂದರೆ ಆಮೇಲೆ ಬದಲಿಸಬೇಕಾದರೆ ಸಾಮಾನ್ಯವಾಗಿ ಕೋಡ್ ಕೊಟ್ಟ ಎಲ್ಲರ ಒಪ್ಪಿಗೆಯೂ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ಹಾಗಾದರೆ ಸಪ್ತಮಿ ವಿಭಕ್ತಿ ಮಾತ್ರ ಬಲ್ಲ ಆವೃತ್ತಿಯನ್ನೇ ತೆರೆದಿಡುತ್ತೇವೆ. ಸಂಧಿ ತಿರುಳಿನಲ್ಲಿ ಇರಬೇಕೋ, ಬೇರೆ ಮಾಡ್ಯೂಲ್ ಆಗಬೇಕೋ?

ಉತ್ತರ (ವಿಜಯನಗರ)
ತಿರುಳಿನಲ್ಲೇ ಇರಲಿ. 'ಮನೆಯಲ್ಲಿ' ಎಂಬಲ್ಲಿ ಬರುವ ಯಕಾರವೂ 'ಗುರುವನ್ನು' ಎಂಬಲ್ಲಿ ಬರುವ ವಕಾರವೂ ಒಂದೇ ಆಗಮಸಂಧಿಯ ನಿಯಮಕ್ಕೆ ಸೇರಿದವು. ಪ್ರತಿ ವಿಭಕ್ತಿಯ ಫೈಲ್‌ನಲ್ಲೂ ಅದನ್ನು ಮತ್ತೆ ಬರೆದರೆ ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಉಳಿದುಹೋಗುತ್ತದೆ. ಸಮಾಸವನ್ನು ಸದ್ಯಕ್ಕೆ ಮುಟ್ಟಬೇಡಿ.