3/ಐ ಅಂದ್ರೆ 3ಐ ಅಲ್ವಾ?

ಹೊಸನಗರದ ಅಪ್ಪ:
ಮಗಳು ಪ್ರಥಮ ಪಿಯುಸಿ. ಹೈಸ್ಕೂಲ್ ಮುಗಿಯೋವರೆಗೂ ಕನ್ನಡ ಮಾಧ್ಯಮ, ಈಗ ಎಲ್ಲಾ ಇಂಗ್ಲಿಷ್. ನಿನ್ನೆಯಿಂದ ಜಡಿಮಳೆ, ಕರೆಂಟಿಲ್ಲ. ಎಮರ್ಜೆನ್ಸಿ ಲೈಟ್ ಇಟ್ಕೊಂಡು ಸಂಕೀರ್ಣ ಸಂಖ್ಯೆಯ (ಐ ಅನ್ನೋ ಕಾಲ್ಪನಿಕ ಸಂಖ್ಯೆ ಬರುತ್ತಲ್ಲ, ಅದು) ಒಂದೇ ಲೆಕ್ಕಕ್ಕೆ ಇಬ್ಬರೂ ಎರಡು ಗಂಟೆ ತಲೆ ಕೆಡಿಸಿಕೊಂಡ್ವಿ:

5/(2 + ಐ) + 3/ಐ

ಉತ್ತರ 2 − 4ಐ ಅಂತ ಕೊಟ್ಟಿದ್ದಾರೆ. ನಮಗೆ 2 + 2ಐ.

ಮೊದಲನೇದಕ್ಕೆ ಮೇಲೂ ಕೆಳಗೂ 2 − ಐ ಗುಣಿಸಿದ್ವಿ. ಕೆಳಗೆ 5 ಬಂದು ಮೇಲಿನ 5ರ ಜೊತೆ ಹೊಡೆದುಹೋಯ್ತು, 2 − ಐ ಉಳೀತು. ಎರಡನೇದಕ್ಕೆ ಮೇಲೂ ಕೆಳಗೂ ಐ ಗುಣಿಸಿ 3ಐ. ಎಂತ ತಪ್ಪಿದೆ ಮಾರಾಯ್ರೆ? ಸಿಗ್ನಲ್ ಸಿಗೋದು ಕೊಟ್ಟಿಗೆ ಹಿಂದಿನ ದಿಬ್ಬದಲ್ಲಿ ಮಾತ್ರ, ಕೊಡೆ ಹಿಡ್ಕೊಂಡು ಟೈಪ್ ಮಾಡ್ತಿದೀನಿ.

ಕೊನೇ ಬೆಂಚು:
ಛೇದ ಬೇರೆ ಬೇರೆ ಇದೆಯಲ್ಲ, ಮೊದಲು ಲ.ಸಾ.ಅ. ತಗೋಬೇಕು.

ಸಾಗರದ ನಿವೃತ್ತ ಮೇಷ್ಟ್ರು:
ಬೇಡ. ತಗೊಂಡ್ರೆ (6 + 8ಐ)/(−1 + 2ಐ) ಆಗುತ್ತೆ. ಕೊನೆಗೆ ಉತ್ತರ ಅದೇ, ಆದ್ರೆ ಸಾಗರದಿಂದ ಶಿವಮೊಗ್ಗಕ್ಕೆ ಹೊಸನಗರ ಸುತ್ತಿ ಹೋದ ಹಾಗೆ.

ಐ ಇಂಟು ಐ ಅಂದ್ರೆ −1. ನೀವು 1 ಹಾಕಿದೀರಿ, ಅಷ್ಟೇ. 3ಐ/(−1) = −3ಐ. ಈಗ ಕೂಡಿಸಿ: 2 − ಐ − 3ಐ = 2 − 4ಐ.

ತಮಾಷೆ ಏನಂದ್ರೆ ಮೊದಲನೇ ಭಿನ್ನರಾಶಿಯಲ್ಲಿ ಇದನ್ನೇ ಸರಿಯಾಗಿ ಮಾಡಿದೀರಿ. (2 + ಐ)(2 − ಐ) = 4 − ಐ² = 4 + 1. ಅಲ್ಲೂ ಐ² ಜಾಗಕ್ಕೆ 1 ಹಾಕಿದ್ರೆ ಕೆಳಗೆ 3 ಬರ್ತಿತ್ತು. ಹೈಸ್ಕೂಲಲ್ಲಿ ಛೇದ ಅಕರಣೀಕರಿಸುವಾಗ, ಅಂದ್ರೆ ಕೆಳಗಿನ √ ತೆಗೆಯುವಾಗ, √2 ಇಂಟು √2 ಅಂದ್ರೆ 2, ಮೈನಸ್ಸಿನ ಮಾತೇ ಇಲ್ಲ. ಆ ಕೈರೂಢಿ ಇಲ್ಲಿ ಕೈಕೊಡುತ್ತೆ.

ಅನುಮಾನ ಬಂದ್ರೆ ಉತ್ತರವನ್ನ ವಾಪಸ್ ಛೇದಕ್ಕೆ ಗುಣಿಸಿ ನೋಡಲಿ. −3ಐ ಇಂಟು ಐ = 3, ಸರಿ. 3ಐ ಇಂಟು ಐ = −3, ತಪ್ಪು.

ಭದ್ರಾವತಿ ಎಲೆಕ್ಟ್ರಿಕಲ್:
ನಮ್ಮ ಕಡೆ ಐ ಅನ್ನೋದು ಕರೆಂಟಿಗೆ ಹೋಯ್ತು, ಇದಕ್ಕೆ ಜೆ ಅಂತೀವಿ. 1/ಜೆ = −ಜೆ ಕೆಪಾಸಿಟರ್ ಲೆಕ್ಕದಲ್ಲಿ ದಿನಾ ಬೀಳುತ್ತೆ. ನಾನು ನೆನಪಿಟ್ಕೊಳ್ಳೋದು ಹೀಗೆ: ಗುಣಿಸಿದ್ರೆ ಎಡಕ್ಕೆ 90 ಡಿಗ್ರಿ ತಿರುಗು, ಭಾಗಿಸಿದ್ರೆ ಬಲಕ್ಕೆ. ಸಾದಾ ಧನ ಸಂಖ್ಯೆ ಪೂರ್ವಕ್ಕೆ, ಐ ಉತ್ತರಕ್ಕೆ ಅಂತ ಇಟ್ಕೊಳ್ಳಿ. 3 ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಬಲಕ್ಕೆ ತಿರುಗಿದ್ರೆ ದಕ್ಷಿಣ, ಅಂದ್ರೆ −3ಐ.

ಹೊಸನಗರದ ಅಪ್ಪ:
ಒಳಗೆ ಹೋಗಿ ಓದಿ ಹೇಳಿದೆ. ಮಗಳು ಮಾತಾಡದೆ ನೋಟ್‌ಬುಕ್ ತಿರುಗಿಸಿ ತೋರಿಸಿದ್ಲು. ಅವಳ ಸಾಲುಗಳೆಲ್ಲ ನೀಲಿ ಪೆನ್ನು. ಐ² = 1 ಅನ್ನೋ ಸಾಲು ಮಾತ್ರ ಪೆನ್ಸಿಲ್ಲು. ಪೆನ್ಸಿಲ್ ಹಿಡಿದಿದ್ದು ನಾನು.